ಎಕ್ಸ್‌ಟೆಂಡೆಡ್ ಬೇರೆ, ಎಕ್ಸ್‌ಪ್ಯಾಂಡೆಡ್ ಬೇರೆ

ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಇದ್ದ ಹಳೆಯ ಪಿಸಿ ಬಗ್ಗೆ ಬರೆಯುವಾಗ ಎಕ್ಸ್‌ಟೆಂಡೆಡ್, ಎಕ್ಸ್‌ಪ್ಯಾಂಡೆಡ್ ಮೆಮೊರಿ ಎರಡಕ್ಕೂ ‘ವಿಸ್ತರಿತ ಮೆಮೊರಿ’ ಅಂತ ಒಂದೇ ಪದ ಹಾಕುವುದನ್ನು ಮೊನ್ನೆ ಮತ್ತೆ ನೋಡಿದೆ. ದಯವಿಟ್ಟು ಬೇಡ. ಇದು ಬರೀ ಪದದ ಜಗಳ ಅಲ್ಲ, 64 ಕೆಬಿ ಜಾಗದ ವಿಷಯ.

ಎರಡೂ ಲ್ಯಾಟಿನ್‌ನಿಂದ ಬಂದವು. ‘ಟೆಂಡೆರೆ’ ಅಂದರೆ ಎಳೆದು ಚಾಚುವುದು, ‘ಪಾಂಡೆರೆ’ ಅಂದರೆ ಬಿಚ್ಚಿ ಹರಡುವುದು. ಎಕ್ಸ್‌ಟೆಂಡೆಡ್ ಮೆಮೊರಿ 1 ಎಂಬಿ ಗಡಿಯಾಚೆಗೆ ಚಾಚಿಕೊಂಡಿದ್ದು. ಬೆಂಗಳೂರಿನಲ್ಲಿ ಬಡಾವಣೆಗೆ ಎಕ್ಸ್‌ಟೆನ್ಷನ್ ಅಂತೀವಲ್ವಾ, ಅದೇ ಅರ್ಥ: ಊರು ಮುಂದಕ್ಕೆ ಬೆಳೆದಿದೆ, ಅಲ್ಲಿನ ಮನೆಗೂ ಒಂದು ವಿಳಾಸ ಇದೆ. ಮೊದಲ ಪಿಸಿಗಳ 8088 ಚಿಪ್‌ಗೆ 1 ಎಂಬಿ ಆಚೆಯ ವಿಳಾಸವೇ ಗೊತ್ತಿಲ್ಲ. ಅದರ ನಂತರದ 286 ಚಿಪ್ 16 ಎಂಬಿವರೆಗೆ ನೋಡಬಲ್ಲದು.

ಎಕ್ಸ್‌ಪ್ಯಾಂಡೆಡ್‌ಗೆ ಅಂಥ ವಿಳಾಸ ಇಲ್ಲ. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಮಾಡಿದ ಉಪಾಯ ಅದು. 1 ಎಂಬಿ ಒಳಗೇ 64 ಕೆಬಿಯ ಒಂದು ಕಿಟಕಿ. ಬೇರೆ ಕಾರ್ಡಿನಲ್ಲಿರುವ ಮೆಮೊರಿಯನ್ನು 16 ಕೆಬಿಯ ಪುಟಗಳಾಗಿ ಅಲ್ಲಿಗೆ ತಂದು ತೋರಿಸುವುದು, ಆಮೇಲೆ ಪುಟ ಬದಲಿಸುವುದು.

386 ಚಿಪ್ ಬಂದ ಮೇಲೆ ಇಎಂಎಂ386 ಎಂಬ ಮೆಮೊರಿ ನಿರ್ವಹಿಸುವ ಡ್ರೈವರ್ ಎಕ್ಸ್‌ಟೆಂಡೆಡ್ ಮೆಮೊರಿಯನ್ನೇ ಬಳಸಿ ಎಕ್ಸ್‌ಪ್ಯಾಂಡೆಡ್‌ನಂತೆ ತೋರಿಸಿತು. ಗೊಂದಲ ಜಾಸ್ತಿ ಆಗಿದ್ದೇ ಅಲ್ಲಿ.

1993ರ ಎಂಎಸ್-ಡಾಸ್ 6ರ ಜೊತೆ ಬಂದ ಮೆಮ್‌ಮೇಕರ್ ಎಂಬ ಟೂಲ್ ಡ್ರೈವರ್‌ಗಳು ಮೆಮೊರಿಯಲ್ಲಿ ಎಲ್ಲಿ ಕೂರಬೇಕು ಅನ್ನುವುದನ್ನೆಲ್ಲ ತಾನೇ ಹೊಂದಿಸುತ್ತದೆ, ಆದರೆ ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ಪ್ರೋಗ್ರಾಂಗೆ ಎಕ್ಸ್‌ಪ್ಯಾಂಡೆಡ್ ಮೆಮೊರಿ ಬೇಕಾ? ನಾನು ‘ಮೆಮೊರಿ ತಾನೇ, ಇರಲಿ’ ಅಂತ ಹೌದು ಒತ್ತಿದ್ದೆ. 640 ಕೆಬಿಗೂ 1 ಎಂಬಿಗೂ ನಡುವಿನ ಜಾಗದಲ್ಲಿ ಕಿಟಕಿಗೆ 64 ಕೆಬಿ ಹೋಯಿತು. ಅಲ್ಲಿ ಮೇಲೆ ಹೋಗಬೇಕಿದ್ದ ಸಿಡಿ ಡ್ರೈವರ್ 640 ಕೆಬಿಯ ಕೆಳಗೇ, ಪ್ರೋಗ್ರಾಂಗಳು ಓಡುವ ಜಾಗದಲ್ಲೇ ಉಳಿಯಿತು. ನನ್ನ ಆಟಕ್ಕೆ ಬೇಕಿದ್ದದ್ದು ಎಕ್ಸ್‌ಟೆಂಡೆಡ್!

ಟೂಲ್‌ನ ತಪ್ಪೇನೂ ಇಲ್ಲ. ಯಾವ ಡ್ರೈವರ್ ಎಲ್ಲಿ ಹಿಡಿಸುತ್ತದೆ ಅಂತ ಅದು ನಮಗಿಂತ ಬೇಗ ಲೆಕ್ಕ ಹಾಕುತ್ತದೆ. ಆದರೆ ಕಾನ್ಫಿಗ್ ಡಾಟ್ ಸಿಸ್ ಫೈಲಿನಲ್ಲಿ, ಅಂದರೆ ಬೂಟ್ ಆಗುವಾಗ ಲೋಡ್ ಆಗಬೇಕಾದ ಡ್ರೈವರ್‌ಗಳ ಪಟ್ಟಿಯಲ್ಲಿ, ನಿಮ್ಮ ಸಾಲುಗಳ ಕ್ರಮವನ್ನು ಅದು ಬದಲಿಸುವುದಿಲ್ಲ. ಕೆಲವು ಡ್ರೈವರ್‌ಗಳಿಗೆ ಕೂತ ಮೇಲೆ ಬೇಕಾದ್ದಕ್ಕಿಂತ ಲೋಡ್ ಆಗುವಾಗ ದೊಡ್ಡ ಜಾಗ ಬೇಕು. ಅಂಥವನ್ನು ಮೊದಲು ಹಾಕುವುದು ನಿಮ್ಮ ಕೈ ಕೆಲಸ. ನಾನು ಆ ಫೈಲ್ ತೆರೆದು ಇಎಂಎಂ386 ಸಾಲಿಗೆ ‘ನೋಇಎಂಎಸ್’ (ಎಕ್ಸ್‌ಪ್ಯಾಂಡೆಡ್ ಬೇಡ) ಅಂತ ಸೇರಿಸಿದೆ, ಸಿಡಿ ಡ್ರೈವರನ್ನು ಮೌಸ್‌ಗಿಂತ ಮೇಲಿನ ಸಾಲಿಗೆ ತಂದೆ. ಮತ್ತೆ ಬೂಟ್ ಮಾಡಿ ‘ಮೆಮ್ /ಸಿ’ ಕಮಾಂಡ್ ಕೊಟ್ಟಾಗ ಎರಡೂ ಮೇಲೆ ಕೂತಿದ್ದವು.