ಬಾಂಡ್ ಟ್ಯೂನ್ ಯಾರದು? ಒಂದು ಸೀನಿನಿಂದ ಶುರುವಾದ ಕಥೆ

ಜೇಮ್ಸ್ ಬಾಂಡ್ ಸಿನಿಮಾಗಳ ಹಾಡುಗಳಲ್ಲಿ ಯಾವುದು ಇಷ್ಟ ಅಂತ ನಾಲ್ಕು ಜನರನ್ನು ಕೇಳಿ ನೋಡಿ, ಜಗಳ ಗ್ಯಾರಂಟಿ. ಹಿರಿಯರು ‘ಗೋಲ್ಡ್‌ಫಿಂಗರ್’ ಅನ್ನುತ್ತಾರೆ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ತುಂಬಿಸಿಕೊಂಡು ತಿರುಗಿದವರು ಡುರಾನ್ ಡುರಾನ್ ಬಿಟ್ಟು ಕದಲುವುದಿಲ್ಲ. ಈಗಿನ ಕಾಲೇಜು ಮಕ್ಕಳಿಗೆ ಅಡೆಲ್, ಇಲ್ಲವೇ ಬಿಲ್ಲಿ ಐಲಿಶ್. ಆದರೆ ಮಾತೇ ಇಲ್ಲದ ಆ ಮೊದಲ ಟ್ಯೂನ್ ಇದೆಯಲ್ಲ, ಗಿಟಾರಿನಲ್ಲಿ ಡಂ ಡಿಡಿ ಡಂ ಡಂ ಅಂತ ಬರುವುದು, ಅದರ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ನಮ್ಮೂರಿನ ಗಣೇಶನ ಹಬ್ಬದ ಆರ್ಕೆಸ್ಟ್ರಾದವರು ಕೂಡ ನಿರೂಪಕ ವೇದಿಕೆಗೆ ಬರುವಾಗ ಅದನ್ನೇ ನುಡಿಸುತ್ತಿದ್ದರು.

ತಕರಾರು ಇರುವುದು ಅದನ್ನು ಕಟ್ಟಿದ್ದು ಯಾರು ಅನ್ನುವುದರಲ್ಲಿ. 2011ರ ಜನವರಿಯಲ್ಲಿ ಸಂಗೀತ ಸಂಯೋಜಕ ಜಾನ್ ಬ್ಯಾರಿ ತೀರಿಕೊಂಡರು. 2022ರ ಜುಲೈನಲ್ಲಿ ಇನ್ನೊಬ್ಬ ಸಂಯೋಜಕ ಮಾಂಟಿ ನಾರ್ಮನ್ ಹೋದರು. 2024ರ ನವೆಂಬರಿನಲ್ಲಿ ಗಿಟಾರ್ ವಾದಕ ವಿಕ್ ಫ್ಲಿಕ್ ಕೂಡ ಹೋದರು. ಮೂರೂ ಸಲ ಅದೇ ಟ್ಯೂನಿನ ಹೆಸರಲ್ಲಿ ಶ್ರದ್ಧಾಂಜಲಿ ಬರಹಗಳು ಬಂದವು. ಓದಿದವರಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ. ಒಂದು ಟ್ಯೂನಿಗೆ ಮೂವರು ಯಾಕೆ?

ಕಥೆ ಶುರುವಾಗುವುದು ಗೂಢಚಾರನಿಂದಲ್ಲ, ಒಂದು ಸೀನಿನಿಂದ. ನಾವು ಹೊರಗೆ ಹೊರಟಾಗ ಯಾರಾದರೂ ಸೀನಿದರೆ ಎರಡು ನಿಮಿಷ ಕೂತು ಹೋಗು ಅನ್ನುತ್ತಾರಲ್ಲ, ಅದೇ ಸೀನು. ವಿ. ಎಸ್. ನೈಪಾಲ್ ಅವರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿ 1961ರಲ್ಲಿ ಬಂತು. ಟ್ರಿನಿಡಾಡ್‌ನಲ್ಲಿ ನೆಲೆಸಿದ ಭಾರತೀಯ ಮೂಲದ ಕುಟುಂಬದ ಕಥೆ. ಅದರ ನಾಯಕ ಹುಟ್ಟಿದ್ದೇ ಕೆಟ್ಟ ಗಳಿಗೆಯಲ್ಲಿ. ಇವನ ಸೀನು ಅಪಶಕುನ ಅಂತ ಪಂಡಿತರು ಆಗಲೇ ಹೇಳಿಬಿಡುತ್ತಾರೆ. ಈ ಕಾದಂಬರಿಯನ್ನು ಹಾಡುಗಳಿರುವ ನಾಟಕ ಮಾಡೋಣ ಅಂತ ಲಂಡನ್ನಿನಲ್ಲಿ ಒಂದು ಯೋಜನೆ ಇತ್ತು. ಹಾಡು ಮಾಡಲು ಕೂತವರು ಮಾಂಟಿ ನಾರ್ಮನ್. ನಾಯಕ ತನ್ನ ಸೀನಿನ ದುರದೃಷ್ಟವನ್ನು ಹೇಳಿಕೊಳ್ಳುವ ಒಂದು ಹಾಡಿಗೆ ಅವರು ಟ್ಯೂನ್ ಹಾಕಿದರು. ‘ಗುಡ್ ಸೈನ್, ಬ್ಯಾಡ್ ಸೈನ್’ ಅಂತ ಅದರ ಹೆಸರು. ನಮ್ಮ ಮಾತಲ್ಲಿ ಶಕುನ, ಅಪಶಕುನ. ಸಿತಾರ್ ಗುಂಗಿನ ಹಾಡು. ನಾಟಕ ರಂಗಕ್ಕೆ ಬರಲೇ ಇಲ್ಲ, ಹಾಡು ಡ್ರಾಯರ್ ಸೇರಿತು.

ಅಷ್ಟರಲ್ಲಿ ನಿರ್ಮಾಪಕರಾದ ಆಲ್ಬರ್ಟ್ ಬ್ರಾಕೊಲಿ ಮತ್ತು ಹ್ಯಾರಿ ಸಾಲ್ಟ್ಜ್‌ಮನ್ ಮೊದಲ ಬಾಂಡ್ ಸಿನಿಮಾ ‘ಡಾ. ನೋ’ ಶುರು ಮಾಡಿದ್ದರು. ಸಂಗೀತಕ್ಕೆ ನಾರ್ಮನ್ ಅವರನ್ನೇ ಕರೆದರು. ಚಿತ್ರೀಕರಣ ಇದ್ದ ಜಮೈಕಾಕ್ಕೂ ಅವರು ಹೋಗಿ ಬಂದರು. ಅಲ್ಲಿನ ಲಯ ಹಿಡಿದು ‘ಅಂಡರ್ ದ ಮ್ಯಾಂಗೋ ಟ್ರೀ’ ತರಹದ ಹಾಡುಗಳು ಚೆನ್ನಾಗಿಯೇ ಬಂದವು. ಬಾಂಡ್‌ಗೆ ಅಂತ ಬೇಕಾಗಿದ್ದ ಮುಖ್ಯ ಟ್ಯೂನ್ ಮಾತ್ರ ಕೈಗೆ ಸಿಗಲಿಲ್ಲ. ಆಗ ಅವರಿಗೆ ಡ್ರಾಯರಿನ ಹಾಡು ನೆನಪಾಯಿತು. ಸ್ವರಗಳನ್ನು ಒಡೆದು ತುಂಡು ತುಂಡಾಗಿ ನುಡಿಸಿ ನೋಡಿದರು. ಅಳುಬುರುಕನ ಹಾಡು ಇದ್ದಕ್ಕಿದ್ದಂತೆ ಖದರಿನ ಹಾಡಾಯಿತು.

2005ರಲ್ಲಿ ನಾರ್ಮನ್ ತಾವೇ ಆ ಹಳೆಯ ಹಾಡನ್ನು ಒಂದು ಆಲ್ಬಂನಲ್ಲಿ ಹೊರತಂದರು. ನಾನು ಅದನ್ನು ಮೊದಲ ಸಲ ಕೇಳಿದಾಗ ನಗು ಬಂತು, ಆಮೇಲೆ ಸುಮ್ಮನಾದೆ. ಅನುಮಾನವೇ ಇಲ್ಲ, ಅದೇ ಟ್ಯೂನ್.

ಹಾಗಾದರೆ ವಿಷಯ ಮುಗಿಯಿತಲ್ಲ ಅಂದ್ಕೊಂಡ್ರಾ? ಇಲ್ಲ. ನಾರ್ಮನ್ ಕೊಟ್ಟ ರೂಪ ಸಿನಿಮಾ ತಂಡಕ್ಕೆ ಪೂರ್ತಿ ಹಿಡಿಸಲಿಲ್ಲ. ಬಿಡುಗಡೆಗೆ ಜಾಸ್ತಿ ದಿನ ಉಳಿದಿರಲಿಲ್ಲ. ಆಗ ಪಾಪ್ ಬ್ಯಾಂಡ್ ನಡೆಸುತ್ತಿದ್ದ ಯಾರ್ಕ್ ಊರಿನ ಹುಡುಗ ಜಾನ್ ಬ್ಯಾರಿಗೆ ಕರೆ ಹೋಯಿತು. ಟ್ಯೂನನ್ನು ವಾದ್ಯಗಳಿಗೆ ಹೊಂದಿಸಿ, ಎದ್ದು ನಿಲ್ಲುವ ಹಾಗೆ ಮಾಡಿಕೊಡಬೇಕು, ಅಷ್ಟು ಕೆಲಸ. ಸಂಭಾವನೆ ಸುಮಾರು 250 ಪೌಂಡ್. ಹೆಸರು, ರಾಯಲ್ಟಿ ಎರಡೂ ನಾರ್ಮನ್ ಅವರಿಗೆ. ಸಿನಿಮಾ ನೋಡದೆಯೇ ಕೆಲಸ ಮುಗಿಸಿದೆ, ಆಮೇಲೆ ಥಿಯೇಟರಿನಲ್ಲಿ ಕೂತಾಗ ನೋಡಿದರೆ ಎಲ್ಲಾ ಕಡೆ ನನ್ನದೇ ಟ್ಯೂನ್ ಹಾಕಿದ್ದಾರೆ ಅಂತ ಬ್ಯಾರಿ ಮುಂದೆ ಹೇಳುತ್ತಿದ್ದರು.

1962ರ ಜೂನ್‌ನಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ರೆಕಾರ್ಡಿಂಗ್ ಆಯಿತು. ಗಿಟಾರ್ ಹಿಡಿದವರು ಬ್ಯಾರಿಯ ಬ್ಯಾಂಡಿನ ವಿಕ್ ಫ್ಲಿಕ್. ವಾದ್ಯ 1939ರದು, ಕ್ಲಿಫರ್ಡ್ ಎಸೆಕ್ಸ್ ಕಂಪನಿಯದು. ಅದರ ಶಬ್ದ ಹಿಡಿಯುವ ಪಿಕಪ್ ತಂತಿಗೆ ಇನ್ನಷ್ಟು ಹತ್ತಿರ ಬರಲಿ ಅಂತ ಒಂದು ಸಿಗರೇಟ್ ಪ್ಯಾಕೆಟ್ಟನ್ನು ಮಡಚಿ ಅದರ ಕೆಳಗೆ ತುರುಕಿದರಂತೆ. ಟ್ಯೂನನ್ನು ಮಂದ್ರಕ್ಕೆ ಇಳಿಸಿ, ದಪ್ಪ ತಂತಿಯ ಮೇಲೆ ಗಟ್ಟಿಯಾಗಿ ಮೀಟಿದರು. ಆ ಒರಟು, ಗಡಸು ಸದ್ದು ಹುಟ್ಟಿದ್ದು ಹಾಗೆ. ಫ್ಲಿಕ್ ಅವರಿಗೆ ಸಿಕ್ಕಿದ್ದು ಅವತ್ತಿನ ಕೂಲಿ, ಕೆಲವು ಪೌಂಡ್.

ಈಗ ಆ ಟ್ಯೂನನ್ನು ಸ್ವಲ್ಪ ಬಿಚ್ಚಿ ನೋಡೋಣ. ಹಾರ್ಮೋನಿಯಂ ಇದ್ದರೆ ಕೈಗೆತ್ತಿಕೊಳ್ಳಿ. ಶುರುವಿನಲ್ಲಿ ಕೆಳಗಡೆ ತೆವಳುತ್ತಾ ಏರಿ ಇಳಿಯುವ ನಾಲ್ಕು ಸ್ವರ ಇದೆ: ಪ, ಶುದ್ಧ ದ, ಚತುಶ್ರುತಿ ದ, ಮತ್ತೆ ಶುದ್ಧ ದ. ಯಾರೋ ಹಿಂದಿನಿಂದ ಬರುತ್ತಿದ್ದಾರೆ ಅನ್ನಿಸುವುದು ಅದರಿಂದ. ಅದರ ಮೇಲೆ ಗಿಟಾರ್ ಸಾಲು ಬರುತ್ತದೆ. ಸ ಹಿಡಿದು ರಿ ರಿ ರಿ, ಮತ್ತೆ ಸ ಸ ಸ. ಆಮೇಲೆ ಗ ಗ ಗ, ಅಲ್ಲಿಂದ ರಿ ರಿ ರಿ. ಸೀನಿನ ಹಾಡಿನಲ್ಲಿ ಇರುವುದು ಈ ಸಾಲು. ಮೂರನೆಯದು ಮಧ್ಯದಲ್ಲಿ ಬರುವ ತುತ್ತೂರಿಗಳ ಅಬ್ಬರ, ಜಾಝ್ ಬ್ಯಾಂಡಿನ ಕುಣಿತ. ಬ್ಯಾರಿಯ ಹಳೆಯ ರೆಕಾರ್ಡುಗಳನ್ನು ಕೇಳಿದವರಿಗೆ ಈ ಅಬ್ಬರದಲ್ಲಿ ಅವರ ಕೈಬರಹ ಗೊತ್ತಾಗಿಬಿಡುತ್ತದೆ. ಜಗಳದ ಬೇರು ಇಲ್ಲೇ ಇದೆ. ಒಬ್ಬರು ಗಿಟಾರ್ ಸಾಲನ್ನು ಟ್ಯೂನ್ ಅನ್ನುತ್ತಾರೆ, ಇನ್ನೊಬ್ಬರು ಮೂರೂ ಸೇರಿ ಬರುವ ಸದ್ದನ್ನು ಟ್ಯೂನ್ ಅನ್ನುತ್ತಾರೆ.

1962ರ ಅಕ್ಟೋಬರ್ 5ರಂದು ಸಿನಿಮಾ ಬಂತು. ಬೀಟಲ್ಸ್ ಅವರ ಮೊದಲ ಹಾಡು ‘ಲವ್ ಮಿ ಡೂ’ ಮಾರುಕಟ್ಟೆಗೆ ಬಂದದ್ದೂ ಅವತ್ತೇ. ಟೈಟಲ್ ಕಾರ್ಡಿನಲ್ಲಿ ಸಂಗೀತ ಮಾಂಟಿ ನಾರ್ಮನ್ ಅಂತ ಇತ್ತು. ಬಾಂಡ್ ಥೀಮ್ ‘ನುಡಿಸಿದವರು’ ಜಾನ್ ಬ್ಯಾರಿ ಮತ್ತು ತಂಡ ಅಂತ ಇನ್ನೊಂದು ಸಾಲು ಇತ್ತು. ಆ ‘ನುಡಿಸಿದವರು’ ಅನ್ನುವ ಒಂದು ಪದ ಮುಂದಿನ ನಲವತ್ತು ವರ್ಷ ಕೆಲಸ ಕೊಟ್ಟಿತು.

ಮುಂದಿನ ಸಿನಿಮಾದಿಂದ ಸಂಗೀತದ ಜವಾಬ್ದಾರಿ ಬ್ಯಾರಿಗೆ ಹೋಯಿತು. ಒಟ್ಟು 11 ಬಾಂಡ್ ಸಿನಿಮಾ ಅವರದು. ಬೇರೆ ಚಿತ್ರಗಳಿಗೆ ಐದು ಆಸ್ಕರ್ ಬಂತು, ಬಾಂಡ್‌ಗೆ ಒಂದೂ ಬರಲಿಲ್ಲ. ಬಾಂಡ್ ಹಾಡು ಅಂದರೆ ಹೀಗೇ ಇರಬೇಕು ಅನ್ನುವ ಅಚ್ಚು ತಯಾರಾದದ್ದು 1964ರ ‘ಗೋಲ್ಡ್‌ಫಿಂಗರ್’ನಲ್ಲಿ. ಆಗ ಬ್ಯಾರಿ ಮನೆಯಲ್ಲಿ ಉಳಿದುಕೊಂಡಿದ್ದ ನಟ ಮೈಕಲ್ ಕೇನ್ ಒಂದು ರಾತ್ರಿಯ ಕಥೆ ಹೇಳುತ್ತಾರೆ. ರಾತ್ರಿಯಿಡೀ ಪಿಯಾನೋ ಸದ್ದಿಗೆ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಏನಪ್ಪಾ ಅದು ಅಂತ ಕೇಳಿದರೆ ಬ್ಯಾರಿ ಇದೇ ಹಾಡು ನುಡಿಸಿ ತೋರಿಸಿದರಂತೆ. ಹಾಡಿದ ಶರ್ಲಿ ಬ್ಯಾಸಿಯದು ಬೇರೆ ಕಷ್ಟ. ಎದುರಿಗೆ ಪರದೆಯ ಮೇಲೆ ಟೈಟಲ್ಸ್ ಓಡುತ್ತಿತ್ತು, ಅದು ಮುಗಿಯುವ ತನಕ ಕೊನೆಯ ಸ್ವರ ಬಿಡುವ ಹಾಗಿರಲಿಲ್ಲ.

ಹಾಡು ಗೆದ್ದ ಮೇಲೆ ಒಂದು ಕಟ್ಟಳೆ ಹುಟ್ಟಿತು: ಸಿನಿಮಾದ ಹೆಸರು ಹಾಡಿನಲ್ಲಿ ಇರಲೇಬೇಕು. ನನ್ನ ಲೆಕ್ಕದಲ್ಲಿ ಈ ಕಟ್ಟಳೆಯೇ ಆಮೇಲೆ ಬಹಳ ಹಾಡುಗಳಿಗೆ ಕಾಲ್ತೊಡಕಾಯಿತು. ಮರುವರ್ಷದ ‘ಥಂಡರ್‌ಬಾಲ್’ಗೆ ಬ್ಯಾರಿ ಮೊದಲು ಮಾಡಿದ್ದು ‘ಮಿಸ್ಟರ್ ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್’ ಅನ್ನುವ ಹಾಡು. ಬ್ಯಾಸಿ ಹಾಡಿದರು, ಡಿಯಾನ್ ವಾರ್ವಿಕ್ ಕೂಡ ಹಾಡಿದರು. ಎರಡೂ ರೆಕಾರ್ಡ್ ಆಯಿತು. ಆದರೆ ಅದರಲ್ಲಿ ಸಿನಿಮಾ ಹೆಸರಿಲ್ಲ ಅನ್ನುವ ಕಾರಣಕ್ಕೆ ಪಕ್ಕಕ್ಕೆ ಹೋಯಿತು. ತರಾತುರಿಯಲ್ಲಿ ಡಾನ್ ಬ್ಲ್ಯಾಕ್ ಹೊಸ ಸಾಹಿತ್ಯ ಬರೆದರು. ಥಂಡರ್‌ಬಾಲ್ ಅಂದರೆ ಏನು ಅಂತ ಹಾಡು ಕೇಳಿದವರಿಗೆ ಇವತ್ತಿಗೂ ಗೊತ್ತಾಗಿಲ್ಲ. ಟಾಮ್ ಜೋನ್ಸ್ ಕಣ್ಣು ಮುಚ್ಚಿ ಕೊನೆಯ ಸ್ವರ ಎಳೆದರು. ಕಣ್ಣು ಬಿಟ್ಟಾಗ ರೂಮು ಗಿರಗಿರ ತಿರುಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಕಟ್ಟಳೆ ಸಡಿಲವಾದಾಗ ಏನಾಗುತ್ತದೆ ಅನ್ನುವುದಕ್ಕೆ 1969 ನೋಡಿ. ಆ ವರ್ಷದ ಸಿನಿಮಾ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’, ಇಷ್ಟುದ್ದದ ಹೆಸರು ಹಾಡಿಗೆ ಕೂರುವಂಥದ್ದಲ್ಲ. ಹಾಗಾಗಿ ಶುರುವಿನಲ್ಲಿ ಬರೀ ವಾದ್ಯ ಸಂಗೀತ ಹಾಕಿದರು, ಒಳಗಡೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ‘ವಿ ಹ್ಯಾವ್ ಆಲ್ ದ ಟೈಮ್ ಇನ್ ದ ವರ್ಲ್ಡ್’ ಬಂತು. ಅವರಿಗೆ ಆಗಲೇ ಆರೋಗ್ಯ ಕೆಟ್ಟಿತ್ತು, ಎರಡು ವರ್ಷದಲ್ಲಿ ತೀರಿಕೊಂಡರು. ನನ್ನನ್ನು ಕೇಳಿದರೆ ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಹಾಡಿಲ್ಲ.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವುದೇ: 1973ರಲ್ಲಿ ಪಾಲ್ ಮೆಕಾರ್ಟ್ನಿ, 1977ರಲ್ಲಿ ಕಾರ್ಲಿ ಸೈಮನ್, 1985ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ಡುರಾನ್ ಡುರಾನ್, 1995ರಲ್ಲಿ ಟೀನಾ ಟರ್ನರ್, ಆಮೇಲೆ ಅಡೆಲ್, ಸ್ಯಾಮ್ ಸ್ಮಿತ್, ಬಿಲ್ಲಿ ಐಲಿಶ್ ಸಾಲಾಗಿ ಮೂರು ಆಸ್ಕರ್. ಹಾಡುವವರು ಬದಲಾದರು, ಬಾಂಡ್ ಬದಲಾದ. ಟೈಟಲ್ ಕಾರ್ಡಿನಲ್ಲಿ ಥೀಮ್ ಪಕ್ಕದ ಹೆಸರು ಮಾತ್ರ ಮಾಂಟಿ ನಾರ್ಮನ್ ಅಂತಲೇ ಉಳಿಯಿತು.

1997ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್‌ನಲ್ಲಿ ಒಂದು ಲೇಖನ ಬಂತು. ಟ್ಯೂನ್ ನಿಜಕ್ಕೂ ಬ್ಯಾರಿಯದು ಅನ್ನುವುದು ಅದರ ಸಾರ. ನಾರ್ಮನ್ ಮಾನನಷ್ಟ ಮೊಕದ್ದಮೆ ಹೂಡಿದರು. 2001ರ ಮಾರ್ಚ್‌ನಲ್ಲಿ ಹೈಕೋರ್ಟಿನಲ್ಲಿ ಜ್ಯೂರಿ ಮುಂದೆ ವಿಚಾರಣೆ ನಡೆಯಿತು. ಸೀನಿನ ಹಾಡಿನ ವಿಷಯ ಕೋರ್ಟಿಗೆ ಬಂತು. ಬ್ಯಾರಿ ಪತ್ರಿಕೆಯ ಪರ ಸಾಕ್ಷಿ ಹೇಳಿದರು. 1976ರಿಂದ 1999ರ ತನಕ ನಾರ್ಮನ್ ಅವರಿಗೆ ಈ ಟ್ಯೂನಿನಿಂದ ಸುಮಾರು 4,85,000 ಪೌಂಡ್ ರಾಯಲ್ಟಿ ಬಂದಿದೆ ಅನ್ನುವ ಲೆಕ್ಕವೂ ಹೊರಗೆ ಬಿತ್ತು. ಒಂದು ಕಡೆ ಅದು, ಇನ್ನೊಂದು ಕಡೆ ಬ್ಯಾರಿಗೆ ಸಿಕ್ಕಿದ್ದ 250. ತೀರ್ಪು ನಾರ್ಮನ್ ಪರ ಬಂತು, 30,000 ಪೌಂಡ್ ಪರಿಹಾರ ಸಿಕ್ಕಿತು.

ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಸ್ವರ ಯಾರದು ಅಂತ ಹೇಳಬಹುದು, ಅದನ್ನು ಕಾಗದದಲ್ಲಿ ಬರೆಯಬಹುದು. ಸದ್ದು ಯಾರದು ಅಂತ ಬರೆಯಲು 1962ರ ಒಪ್ಪಂದದಲ್ಲಿ ಜಾಗವೇ ಇರಲಿಲ್ಲ. ಆಗಿನ ಪದ್ಧತಿಯೇ ಹಾಗಿತ್ತು, ಯಾರೂ ಯಾರಿಗೂ ಮೋಸ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಆದರೂ ಆ ಸಿಗರೇಟ್ ಪ್ಯಾಕೆಟ್ ನೆನಪಾದಾಗಲೆಲ್ಲ ಏನೋ ಕಸಿವಿಸಿ.

ಈ ಕಸಿವಿಸಿ ನಮಗೆ ಹೊಸದೇನಲ್ಲ ಬಿಡಿ. ಬಾಂಡ್ ಗಾಳಿ ಕನ್ನಡಕ್ಕೂ ಬೀಸಿತ್ತು. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿತು, ರಾಜ್‌ಕುಮಾರ್ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಆ ಕೊನೆಯ ಚಿತ್ರದಲ್ಲಿ ಅಣ್ಣಾವ್ರು ಹಾಡಿದ ‘ಇಫ್ ಯು ಕಮ್ ಟುಡೇ’ ಯಾರಿಗೆ ಗೊತ್ತಿಲ್ಲ? ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಅದಕ್ಕೂ ಮೊದಲು ಅವರ ಬಳಿ ಕೆಲಸ ಮಾಡುತ್ತಿದ್ದ ಸಹಾಯಕರಲ್ಲಿ ಇಳಯರಾಜ ಅನ್ನುವ ಒಬ್ಬ ಹುಡುಗನೂ ಇದ್ದ. ಟ್ಯೂನ್ ಹಾಕುವವರು ಒಬ್ಬರು, ವಾದ್ಯಗಳಿಗೆ ನೋಟ್ಸ್ ಬರೆಯುವವರು ಇನ್ನೊಬ್ಬರು, ನುಡಿಸುವವರು ಮತ್ತೊಬ್ಬರು. ಟೈಟಲ್ ಕಾರ್ಡಿನಲ್ಲಿ ದೊಡ್ಡ ಅಕ್ಷರಕ್ಕೆ ಜಾಗ ಒಬ್ಬರಿಗೇ. ನಮ್ಮ ಚಿತ್ರರಂಗದಲ್ಲೂ ಎರಡನೆಯವರ, ಮೂರನೆಯವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಟ್ಯೂನಿನ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ 1983ಕ್ಕೆ ಹೋಗಬೇಕು. ಆ ವರ್ಷ ಎರಡು ಬಾಂಡ್ ಸಿನಿಮಾ ಬಂದವು. ಒಂದು ಬೇರೆ ನಿರ್ಮಾಪಕರದು, ‘ನೆವರ್ ಸೇ ನೆವರ್ ಎಗೇನ್’. ಮೊದಲ ಬಾಂಡ್ ಶಾನ್ ಕಾನರಿಯೇ ಅದರಲ್ಲಿ ವಾಪಸ್ ಬಂದಿದ್ದರು. ಆದರೆ ಟ್ಯೂನ್ ಬಳಸುವ ಹಕ್ಕು ಆ ನಿರ್ಮಾಪಕರಿಗಿರಲಿಲ್ಲ. ಕಾನರಿ ಪರದೆಗೆ ಬರುತ್ತಾರೆ, ನಮ್ಮ ಕಿವಿ ತಾನಾಗಿಯೇ ಕಾಯುತ್ತದೆ, ಅದು ಬರುವುದಿಲ್ಲ. ಉಪ್ಪಿಲ್ಲದ ಸಾರಿನ ಹಾಗೆ.

ಇನ್ನೊಂದು ‘ಆಕ್ಟೊಪಸ್ಸಿ’, ಅರ್ಧ ಕಥೆ ನಡೆಯುವುದು ಉದಯಪುರದಲ್ಲಿ. ಬಾಂಡ್ ಬಂದು ಇಳಿಯುತ್ತಾನೆ. ತನ್ನನ್ನು ಕರೆದುಕೊಂಡು ಹೋಗಲು ಬಂದವನು ಯಾರು ಅಂತ ಅವನಿಗೆ ಗೊತ್ತಿಲ್ಲ. ಜನರ ಮಧ್ಯೆ ಒಬ್ಬ ಹಾವಾಡಿಗ ಕೂತಿದ್ದಾನೆ, ನಮ್ಮ ಟೆನಿಸ್ ಆಟಗಾರ ವಿಜಯ್ ಅಮೃತರಾಜ್. ಪುಂಗಿ ಬಾಯಿಗಿಟ್ಟು ಊದುತ್ತಾನೆ. ಬರುವುದು ಬಾಂಡ್ ಟ್ಯೂನ್! ಅದೇ ಗುರುತು. ಟ್ಯೂನ್ ಚೆನ್ನಾಗಿದೆ ಅಂತ ಬಾಂಡ್ ಹೊಗಳುತ್ತಾನೆ, ಥಿಯೇಟರಿನಲ್ಲಿ ನಗು. ಸಿತಾರ್ ಗುಂಗಿನಲ್ಲಿ ಹುಟ್ಟಿದ ಸೀನಿನ ಹಾಡು, ದಪ್ಪ ತಂತಿಯ ಗಿಟಾರ್ ದಾಟಿ, ಇಪ್ಪತ್ತೊಂದು ವರ್ಷ ಊರೆಲ್ಲ ಸುತ್ತಿ ಹಾವಾಡಿಗನ ಪುಂಗಿಗೆ ಬಂದು ಕೂತಿತ್ತು. ಆ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಸಂಗೀತ ಜಾನ್ ಬ್ಯಾರಿ ಅಂತ ಇದೆ. ಬಾಂಡ್ ಥೀಮ್ ಮಾಂಟಿ ನಾರ್ಮನ್ ಅಂತಲೂ ಇದೆ. ವಿಕ್ ಫ್ಲಿಕ್ ಹೆಸರು ಹುಡುಕಬೇಡಿ, ಸಿಗುವುದಿಲ್ಲ.