ನಷ್ಟ ಯಾರ ಲೆಕ್ಕಕ್ಕೆ: ಭದ್ರಾವತಿಯ ಗುತ್ತಿಗೆ ಕಾರ್ಮಿಕರ ಹಿನ್ನೆಲೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತಾರೆ ಎಂದು ಒಂದು ವರ್ಷ, ಮಾರುತ್ತಾರೆ ಎಂದು ಇನ್ನೊಂದು ವರ್ಷ, ಹೊಸ ಬಂಡವಾಳ ಹಾಕುತ್ತಾರೆ ಎಂದು ಮತ್ತೊಂದು ವರ್ಷ ಸುದ್ದಿಯಾಗುತ್ತದೆ. ಮೂರೂ ಸುದ್ದಿಗಳ ಬೇರು ‘ನಷ್ಟ’ ಎಂಬ ಒಂದೇ ಪದದಲ್ಲಿದೆ. ಆ ನಷ್ಟ ನೂರು ವರ್ಷಗಳಲ್ಲಿ ಯಾರ ಲೆಕ್ಕದಿಂದ ಯಾರ ಲೆಕ್ಕಕ್ಕೆ ಸರಿಯಿತು ಎಂಬುದನ್ನು ಗಮನಿಸಿದರೆ, ತಿಂಗಳಿಗೆ 26 ದಿನ ಕೆಲಸ ಕೊಡಿ ಎಂದು ಗೇಟಿನ ಮುಂದೆ ಕೂರುವ ಗುತ್ತಿಗೆ ಕಾರ್ಮಿಕರ ಬೇಡಿಕೆ ಅರ್ಥವಾದೀತು.

ನಷ್ಟವೇನೂ ಹೊಸದಲ್ಲ. ಬೆಂಕಿಪುರವೆಂದು ಹೆಸರಿದ್ದ ಊರಿನಲ್ಲಿ ಮೈಸೂರು ಸಂಸ್ಥಾನವು 1918ರಲ್ಲಿ ಕೈಗೆತ್ತಿಕೊಂಡ ಈ ಯೋಜನೆ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸಿ 1923ರಲ್ಲಿ ಬೀಡು ಕಬ್ಬಿಣ ಹೊರತರುವಷ್ಟರಲ್ಲಿ, ಮಹಾಯುದ್ಧದ ಕಾಲದಲ್ಲಿ ಏರಿದ್ದ ಬೆಲೆ ಕುಸಿದಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ವೆಚ್ಚವನ್ನು ಬಿಗಿಯಾಗಿ ಇಳಿಸಿದರು. ಲಾಭ ಬೇಡವೆಂದವರು ಅವರಲ್ಲ. ಆದರೆ ಬೆಲೆ ಬಿದ್ದ ವರ್ಷಗಳ ಹೊರೆಯನ್ನು ಆಗ ಸಂಸ್ಥಾನದ ಬೊಕ್ಕಸ ಹೊರುತ್ತಿತ್ತು.

ಮುಂದಿನ ದಶಕಗಳಲ್ಲಿ ಜೋಗದ ವಿದ್ಯುತ್ ಬಂತು, ಉಕ್ಕು ಬಂತು, ಕಾರ್ಖಾನೆಯ ವಸತಿ ಬಡಾವಣೆಯಾದ ನ್ಯೂಟೌನ್ ಬೆಳೆಯಿತು, ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಸಿಕ್ಕಿತು. 1976ರಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಾಯಿತು, 1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ (ಸೇಲ್) ತೆಕ್ಕೆಗೆ ಸೇರಿ 1998ರಲ್ಲಿ ಅದರಲ್ಲೇ ವಿಲೀನವಾಯಿತು. ಮಗ್ಗುಲಲ್ಲೇ ಇದ್ದ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು.

ಬದಲಾವಣೆ ನಡೆದದ್ದು ಈ ನಡುವೆ, ಹೆಚ್ಚು ಸದ್ದಿಲ್ಲದೆ. ನಿವೃತ್ತರಾದ ಕಾಯಂ ನೌಕರರ ಜಾಗ ಖಾಲಿ ಉಳಿಯಿತು. ಕೆಲಸ ಮಾತ್ರ ಉಳಿದೇ ಇತ್ತು, ಅದನ್ನು ಗುತ್ತಿಗೆದಾರರ ಮೂಲಕ ಬಂದವರು ಮಾಡತೊಡಗಿದರು. ಲೆಕ್ಕಪುಸ್ತಕದಲ್ಲಿ ಕಾಯಂ ನೌಕರನ ಸಂಬಳ ನೌಕರರ ವೆಚ್ಚದ ಸಾಲಿನಲ್ಲಿ ಕೂರುತ್ತದೆ. ಗುತ್ತಿಗೆಯವನ ಕೂಲಿ ಸಾಮಾನ್ಯವಾಗಿ ಇತರ ವೆಚ್ಚಗಳ ನಡುವೆ, ಟೆಂಡರು ಕರೆದು ಕೊಂಡ ಸೇವೆಯಾಗಿ ಸೇರಿಬಿಡುತ್ತದೆ. ಮೊದಲನೆಯದನ್ನು ಆರ್ಡರ್ ಇಲ್ಲದ ತಿಂಗಳಲ್ಲೂ ಕೊಡಬೇಕು, ಎರಡನೆಯದನ್ನು ಕೊಡಬೇಕಿಲ್ಲ. ಲಾಭನಷ್ಟದ ಕಣ್ಣಿನಿಂದ ನೋಡುವ ಯಾವ ಆಡಳಿತವೂ, ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ, ಎರಡನೆಯದರತ್ತಲೇ ವಾಲುತ್ತದೆ. ಮಾರುಕಟ್ಟೆಯ ಏರಿಳಿತ ಹೀಗೆ ಬೊಕ್ಕಸದಿಂದ ಇಳಿದು ದಿನದ ಹಾಜರಿಯ ಮೇಲೆ ಬಂದು ಕುಳಿತಿತು.

ಇದನ್ನು ತಡೆಯಲೆಂದೇ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇತ್ತು. ನಿರಂತರವಾಗಿ ನಡೆಯುವ ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ಅದರಲ್ಲಿತ್ತು. ನಿಷೇಧವಾದ ಮೇಲೆ ಆ ಕಾರ್ಮಿಕರು ಮೂಲ ಸಂಸ್ಥೆಯ ನೌಕರರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತ್ತು. ಆದರೆ 2001ರ ಆಗಸ್ಟ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಕಾಯ್ದೆಯಲ್ಲಿ ಹಾಗೆಂದು ಬರೆದಿಲ್ಲ, ತಾನಾಗಿ ಕಾಯಮಾತಿ ಆಗುವುದಿಲ್ಲ ಎಂದಿತು. ಆ ಮೊಕದ್ದಮೆಯಲ್ಲಿ ಒಂದು ಪಕ್ಷ ಇದೇ ಉಕ್ಕು ಪ್ರಾಧಿಕಾರ ಎಂಬುದು ಭದ್ರಾವತಿಯಲ್ಲಿ ಕುಳಿತು ಓದುವವರಿಗೆ ಕಾಕತಾಳೀಯವೆನಿಸುವುದು ಕಷ್ಟ. ಒಂದೇ ಬಗೆಯ ಕೆಲಸಕ್ಕೆ ಕಾಯಂ ನೌಕರನಷ್ಟೇ ಕೂಲಿ ಕೊಡಬೇಕೆಂಬ ನಿಯಮವೂ ಇತ್ತು, ಆದರೆ ಆ ಕೆಲಸದಲ್ಲಿ ಕಾಯಂ ನೌಕರನೇ ಉಳಿಯದಿದ್ದರೆ ಹೋಲಿಸುವುದು ಯಾರೊಂದಿಗೆ?

ಹಾಜರಿಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಎಸ್‌ಐ ಎಂಬ ಕಾರ್ಮಿಕರ ವಿಮೆಯ ವಂತಿಗೆಯ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಮಾತ್ರ ಕಾಯಿಲೆ ಬಿದ್ದಾಗ ನಗದು ಭತ್ಯೆ ಸಿಗುತ್ತದೆ, ಎಂದರೆ ತಿಂಗಳಿಗೆ ಸರಾಸರಿ 13 ಹಾಜರಿ. ಕೆಲಸದ ದಿನಗಳು ಅದಕ್ಕಿಂತ ಕೆಳಗಿಳಿದರೆ ಕೂಲಿಯ ಜೊತೆಗೆ ಈ ಆಸರೆಯೂ ಹೋಗುತ್ತದೆ. ತಿಂಗಳಿಗೆ 26 ದಿನ ಕೆಲಸ ಕೊಡಿ ಎಂದು ಕಾರ್ಮಿಕರು ಪಟ್ಟು ಹಿಡಿಯುವುದನ್ನು ಹೊರಗಿನವರು ಸಂಬಳದ ಜಗಳವೆಂದಷ್ಟೇ ತಿಳಿಯುತ್ತಾರೆ. ಇನ್ನು ಗುತ್ತಿಗೆದಾರ ಬದಲಾದಾಗಲೆಲ್ಲ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿಗೆ ಬೇಕಾದ ಐದು ವರ್ಷದ ನಿರಂತರ ಸೇವೆಯನ್ನು ಮತ್ತೆ ಸಾಬೀತುಪಡಿಸಬೇಕು. ಕುಲುಮೆ ಅದೇ, ಗೇಟ್ ಪಾಸ್‌ನ ಮೇಲಿನ ಹೆಸರು ಮಾತ್ರ ಬೇರೆ.

2016ರಲ್ಲಿ ಕಾರ್ಖಾನೆ ಷೇರು ವಿಕ್ರಯದ ಪಟ್ಟಿ ಸೇರಿತು. 2019ರಲ್ಲಿ ಖರೀದಿದಾರರನ್ನು ಆಹ್ವಾನಿಸಿ, 2022ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಅಲ್ಲಿ ಕಾಯಂ ನೌಕರರು ಇನ್ನೂರರ ಆಸುಪಾಸಿನಲ್ಲಿದ್ದರೆ, ಗುತ್ತಿಗೆಯವರು ಸಾವಿರದ ಮುನ್ನೂರರಷ್ಟಿದ್ದರು. ಕಾಯಂ ನೌಕರರನ್ನು ಬೇರೆ ಘಟಕಕ್ಕೆ ವರ್ಗಾಯಿಸಬಹುದು. ಗುತ್ತಿಗೆಯವನಿಗೆ ವರ್ಗಾವಣೆ ಎಂಬುದೇ ಇಲ್ಲ. ಸ್ವಂತ ಅದಿರು ಗಣಿಯಿಲ್ಲದೆ ಉಕ್ಕು ಲಾಭ ಕೊಡುವುದು ಕಷ್ಟವೆಂಬ ವಾದದಲ್ಲಿ ಹುರುಳಿದೆ, ಆದರೆ ಗಣಿಯ ನಿರ್ಧಾರ ಹಾಜರಿ ಹಾಕಿಸಿಕೊಳ್ಳುವವರ ಕೈಯಲ್ಲಿ ಎಂದೂ ಇರಲಿಲ್ಲ. ಚಳವಳಿಯ ಬಳಿಕ ಅದೇ ವರ್ಷದ ಆಗಸ್ಟ್‌ನಲ್ಲಿ, ಉಕ್ಕಿನ ಸರಳು ತಯಾರಿಸುವ ಬಾರ್ ಮಿಲ್ ಮತ್ತೆ ತಿರುಗಿತು.

1970ರ ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆ ಬಂದಿದೆ. ಇಪ್ಪತ್ತು ಕಾರ್ಮಿಕರಿದ್ದರೆ ಕಾಯ್ದೆಗೆ ಒಳಪಡುತ್ತಿದ್ದ ಗುತ್ತಿಗೆದಾರ ಈಗ ಐವತ್ತಕ್ಕಿಂತ ಕಡಿಮೆ ಮಂದಿ ಇದ್ದರೆ ಸಂಹಿತೆಯ ಗುತ್ತಿಗೆ ನಿಯಮಗಳ ಹೊರಗಿರಬಹುದು. ನಲವತ್ತು ನಲವತ್ತು ಮಂದಿಯಂತೆ ಒಡೆದು ಟೆಂಡರು ಕೊಟ್ಟರೆ ಏನಾಗುತ್ತದೆ ಎಂದು ಭದ್ರಾವತಿಯ ಜನ್ನಾಪುರದ ಚಹಾದಂಗಡಿಯಲ್ಲೂ ಲೆಕ್ಕ ಹಾಕಬಲ್ಲರು.