ಒಂದೇ ಅಳಿಯಸಂತಾನ, ತಲಪಾಡಿಯ ಆಚೆ ಈಚೆ ಬೇರೆ ಪಾಲು

ಅಳಿಯಸಂತಾನ ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ತುಳುನಾಡಿನ ಕಟ್ಟಳೆ, ಮಕ್ಕಳು ತಾಯಿಯ ಕುಟುಂಬದವರು. ಕೇರಳದ ಮಂಜೇಶ್ವರದಲ್ಲೊಂದು ಅಂಥ ಕುಟುಂಬ, ಗಡಿಯ ತಲಪಾಡಿ ದಾಟಿದರೆ ಕರ್ನಾಟಕದ ಉಳ್ಳಾಲದಲ್ಲಿ ಇನ್ನೊಂದು ಎಂದಿಟ್ಟುಕೊಳ್ಳಿ. ಎರಡರಲ್ಲೂ ಕಟ್ಟುಕಟ್ಟಳೆ ಒಂದೇ, ಜನರ ಲೆಕ್ಕವೂ ಒಂದೇ. ಆದರೂ ಪಾಲಿನ ದಾವೆ ಹೂಡಿದರೆ ಸಿಗುವ ಡಿಕ್ರಿ ಬೇರೆ ಬೇರೆ. ಕಾರಣ ಹುಡುಕಲು, ಈ ಕಟ್ಟಳೆ ತಂದನೆಂದು ಐತಿಹ್ಯ ಹೇಳುವ ರಾಜ ಭೂತಾಳ ಪಾಂಡ್ಯನವರೆಗೆ ಹೋಗಬೇಕಿಲ್ಲ, 1949ರಿಂದ ಶುರುಮಾಡಿದರೆ ಸಾಕು.

ಅದಕ್ಕೆ ಮುಂಚೆ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಪಾಲಾಗುತ್ತಿರಲಿಲ್ಲ. ಮದ್ರಾಸ್ ಶಾಸನಸಭೆ 1949ರಲ್ಲಿ ತಂದ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕನ್ನು ಕವರಿಗೆ ಕೊಟ್ಟಿತು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣಿನ ಕಡೆಯಿಂದ ಇಳಿದು ಬಂದ ಸಂತತಿ. ಕವರಿನ ಪ್ರಾಯಸ್ಥರಲ್ಲಿ ಹೆಚ್ಚಿನವರು ಸೇರಿ ಕೇಳಬೇಕು. ಐವತ್ತು ತುಂಬದ ಹೆಂಗಸು ಒಬ್ಬಳೂ ಇಲ್ಲದ ಕವರು ‘ನಿಸ್ಸಂತತಿ ಕವರು’. ಉಳಿದ ಕಡೆ ಸಂತತಿಯುಳ್ಳ ಕವರಿದ್ದರೆ ಇದಕ್ಕೆ ಸಿಗುವುದು ಜೀವಾವಧಿ ಹಕ್ಕು ಮಾತ್ರ. ಹಳೆಯ ಪಾಲುಪತ್ರದಲ್ಲಿ ಈ ಶಬ್ದ ಕಂಡರೆ ಜಾಗ ಕೊಳ್ಳುವವರು ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು.

1956ರಲ್ಲಿ ಎರಡು ಬದಲಾವಣೆ ಬಂತು. ಜೂನ್ 17ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾಯಿತು. ಅದರ 7(2)ನೇ ಕಲಮಿನಂತೆ, ಕುಟುಂಬದ ಸದಸ್ಯರೊಬ್ಬರು ಸತ್ತರೆ, ಸಾವಿನ ಮುಂಚಿನ ಕ್ಷಣದಲ್ಲಿ ತಲೆಗೊಂದರಂತೆ ಪಾಲಾಗಿದ್ದರೆ ಅವರಿಗೆ ಬರುತ್ತಿದ್ದ ಭಾಗ ಅವರ ವಾರಸುದಾರರಿಗೆ ಹೋಗುತ್ತದೆ. ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಹಾಗಾದರೂ ಮುಂದಿನ ಇಪ್ಪತ್ತು ವರ್ಷ ಎರಡು ಕಡೆಯ ಲೆಕ್ಕವೂ ಒಂದೇ ರೀತಿ ನಡೆಯಿತು.

ಉದಾಹರಣೆಗೆ, ಕುಟುಂಬದಲ್ಲಿ ಎಂಟು ಮಂದಿ. 1960ರಲ್ಲಿ ಒಬ್ಬ ಸೋದರಮಾವ ತೀರಿಕೊಂಡರೆ ಅವರ 1/8 ಹೆಂಡತಿ ಮಕ್ಕಳಿಗೆ, ತಾಯಿ ಬದುಕಿದ್ದರೆ ಅವರಿಗೂ. ಉಳಿದದ್ದು 7/8. ಆಮೇಲೆ ನಾಲ್ಕು ಮಕ್ಕಳು ಹುಟ್ಟಿ ಹನ್ನೊಂದು ಮಂದಿಯಾದಾಗ, 1972ರಲ್ಲಿ ಇನ್ನೊಬ್ಬರು ಸತ್ತರೆ 7/8ರಲ್ಲಿ ಹನ್ನೊಂದನೇ ಒಂದು, ಅಂದರೆ 7/88. ಕುಟುಂಬಕ್ಕೆ ಉಳಿಯುವುದು 70/88, ಹಂಚಿಕೊಳ್ಳುವವರು ಹತ್ತು ಮಂದಿ.

ದಾರಿ ಕವಲೊಡೆದದ್ದು ಇಲ್ಲಿಂದ. ಕೇರಳದ ಕೂಡುಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಅವತ್ತು ಬದುಕಿದ್ದ ಹತ್ತು ಮಂದಿಗೂ ತಲಾ 7/88, ಯಾರೂ ಕೇಳದಿದ್ದರೂ ಪಾಲಾದ ಹಾಗೆಯೇ. 1977ರಲ್ಲಿ ಹುಟ್ಟಿದ ಕೂಸಿಗೆ ಜನ್ಮದಿಂದ ಬರುವ ಹಕ್ಕಿಲ್ಲ. ಕರ್ನಾಟಕ ಅಂಥ ಕಾಯ್ದೆ ತರಲಿಲ್ಲ. ಉಳ್ಳಾಲದ ಕುಟುಂಬದಲ್ಲಿ ಮತ್ತೆ ನಾಲ್ವರು ಹುಟ್ಟಿ, 1990ರಲ್ಲಿ ಅದೇ ಹತ್ತರಲ್ಲಿ ಒಬ್ಬರು ಸತ್ತರೆ, ಹದಿನಾಲ್ಕರಲ್ಲಿ ಒಂದು ಪಾಲಿನಂತೆ ಅವರ ವಾರಸುದಾರರಿಗೆ 5/88 ಮಾತ್ರ.

ಹಾಗಾಗಿ ಕರ್ನಾಟಕದ ಕಡೆಯ ಕೇಸುಗಳಲ್ಲಿ ಪ್ರತಿ ಸಾವಿನ ತಾರೀಕು, ಆ ದಿನ ಎಷ್ಟು ಮಂದಿ ಇದ್ದರು ಎಂಬುದು ಮುಖ್ಯ. ವಂಶವೃಕ್ಷವನ್ನು ತಂದೆಯಿಂದಲ್ಲ, ಎಲ್ಲ ಕವರುಗಳಿಗೂ ಸಾಮಾನ್ಯಳಾದ ಅಜ್ಜಿಯಿಂದ ಬರೆಯಬೇಕು. ಹೆಚ್ಚಾಗಿ ತಪ್ಪುವುದೂ ಇಲ್ಲೇ: ಪಹಣಿಯಲ್ಲಿ ಯಜಮಾನನ ಹೆಸರೊಂದೇ ಇರುತ್ತದೆ, ಅವನು ಸತ್ತ ಮೇಲೆ ಇಡೀ ವರ್ಗಕ್ಕೆ (ಹಿಡುವಳಿಗೆ) ಅವನ ಹೆಂಡತಿ ಮಕ್ಕಳ ಹೆಸರಿನಲ್ಲಿ ಪೌತಿ ಖಾತೆಯಾಗುತ್ತದೆ. ಖಾತೆಯಿಂದ ಹಕ್ಕು ಹುಟ್ಟುವುದಿಲ್ಲ, ಆದರೆ ಅಷ್ಟರಲ್ಲಿ ಜಾಗ ಮಾರಿಹೋಗಿದ್ದರೆ ಕೊಂಡವರನ್ನೂ ಪ್ರತಿವಾದಿ ಮಾಡಬೇಕಾಗುತ್ತದೆ. ಸತ್ತವರು ಹೆಂಗಸಾದರೆ ಇನ್ನೊಂದು ಎಡವಟ್ಟು. ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಮಿನಂತೆ ಮೊದಲ ಸಾಲಿನಲ್ಲಿ ಬರುವವರು ಮಕ್ಕಳು ಮತ್ತು ತಾಯಿ, ಗಂಡ ಎರಡನೇ ಸಾಲು. ಉಳಿದ ಹಿಂದೂ ಹೆಂಗಸರ ಹಾಗೆಂದು ತಿಳಿದು ಗಂಡನಿಗೂ ಪಾಲು ಬರೆದ ಅರ್ಜಿಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ. (ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ, ಅದೇ ಕಾಯ್ದೆಯ 2005ರ ತಿದ್ದುಪಡಿಯನ್ನು ಇಲ್ಲಿಗೆ ಎಳೆದು ತರುವವರೂ ಇದ್ದಾರೆ. ಅದು ಬದಲಿಸಿದ್ದು 6ನೇ ಕಲಮನ್ನು, 7ನ್ನಲ್ಲ.)

ಭಾಗ ಹಾಕುವ ಮೊದಲು ಭೂಸುಧಾರಣೆಯಲ್ಲಿ ಏನು ಹೋಯಿತು ಎಂದೂ ನೋಡಬೇಕು. ಕರ್ನಾಟಕದಲ್ಲಿ 1974ರ ಮಾರ್ಚ್ 1ಕ್ಕೆ, ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಜಮೀನು ಸರಕಾರಕ್ಕೆ ಸೇರಿತ್ತು. ಕುಟುಂಬವೇ ಗೇಣಿದಾರನಾಗಿದ್ದು ಯಜಮಾನ ತನ್ನ ಹೆಸರಲ್ಲಿ ನಮೂನೆ 7 (ಕರ್ನಾಟಕದಲ್ಲಿ ಗೇಣಿದಾರ ಜಮೀನಿನ ಹಕ್ಕು ಕೇಳುವ ಅರ್ಜಿ) ಕೊಟ್ಟಿದ್ದರೆ, ಅದು ಅವನೊಬ್ಬನದೋ ಎಲ್ಲರದೋ ಎಂಬ ತಕರಾರು ಏಳುತ್ತದೆ. ಆಗ ಆ ಅರ್ಜಿಯ ನಕಲು, ಹಳೆಯ ಗೇಣಿ ಚೀಟು, ಗೇಣಿ ರಶೀದಿಗಳೇ ಸಾಕ್ಷಿ.